ಕಂಪನಿ ಜೊತೆ ಸೇರಿ ನಡೆಸುವ ಎಂಜಿನಿಯರಿಂಗ್ ಕೋರ್ಸ್: ಯಾವ ಬಗೆ ಯಾರಿಗೆ?

"ಉದ್ಯಮದ ಸಹಯೋಗದಲ್ಲಿ ರೂಪಿಸಿದ ಕೋರ್ಸ್" ಅಂತ ಬ್ರೋಷರ್ ಮೇಲೆ ಬರೆದಿದ್ದರೆ ಅದಕ್ಕೆ ಏನು ಬೇಕಾದರೂ ಅರ್ಥ ಇರಬಹುದು. ಕೆಲವು ಕಡೆ ಕಂಪನಿಯೇ ನಿಮ್ಮನ್ನು ಕೆಲಸಕ್ಕೆ ಸೇರಿಸಿಕೊಂಡು, ಸಂಬಳ ಕೊಟ್ಟು, ಫೀಸನ್ನೂ ಕಟ್ಟಿ ಓದಿಸುತ್ತದೆ. ಇನ್ನು ಕೆಲವು ಕಡೆ ಕಂಪನಿಯವರು ಒಂದು ಎಂಓಯುಗೆ (ಒಡಂಬಡಿಕೆ ಪತ್ರಕ್ಕೆ) ಸಹಿ ಹಾಕಿ, ಫೋಟೋ ತೆಗೆಸಿಕೊಂಡು, ವರ್ಷಕ್ಕೊಂದು ಭಾಷಣ ಮಾಡಿ ಹೋಗುತ್ತಾರೆ. ಬ್ರೋಷರ್‌ನಲ್ಲಿ ಮಾತ್ರ ಎರಡಕ್ಕೂ ಅದೇ ಸಾಲು, ಅದೇ ಲೋಗೋ.

ಅದಕ್ಕೇ ಲೋಗೋ ಬಿಟ್ಟು ವೇಳಾಪಟ್ಟಿ ನೋಡಿ. ಕೋರ್ಸ್ ಮುಗಿಯುವಷ್ಟರಲ್ಲಿ ಕಂಪನಿಯ ಜನ ವಿದ್ಯಾರ್ಥಿಯ ಜೊತೆ ಎಷ್ಟು ವಾರ ಇರುತ್ತಾರೆ? ಆ ವಾರಗಳ ಕೆಲಸಕ್ಕೆ ಮಾರ್ಕ್ಸ್ ಕೊಡುವವರು ಯಾರು? ನಾಳೆ ಕಂಪನಿ ಕೈಬಿಟ್ಟರೆ ಡಿಗ್ರಿಯಲ್ಲಿ ಏನು ಉಳಿಯುತ್ತದೆ? ಈ ಮೂರಕ್ಕೆ ನೇರ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಆದ ಹಾಗೆ. ಸಹಯೋಗದಲ್ಲಿ ಒಟ್ಟು ಐದು ಬಗೆ ಕಾಣುತ್ತವೆ. ಎಲ್ಲವೂ ಒಂದೇ ತೂಕದವಲ್ಲ, ಹಾಗಾಗಿ ಎಲ್ಲಕ್ಕೂ ಒಂದೇ ಅಳತೆಯ ಜಾಗವನ್ನೂ ಕೊಡುವುದಿಲ್ಲ.

ಕೋ-ಆಪ್: ಸ್ವಲ್ಪ ದಿನ ಓದು, ಸ್ವಲ್ಪ ದಿನ ಕೆಲಸ

ಇದು ಎಲ್ಲಕ್ಕಿಂತ ಹಳೆಯ ಬಗೆಗಳಲ್ಲಿ ಒಂದು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಪ್ರಾಧ್ಯಾಪಕರು ಶುರು ಮಾಡಿದರು. ಅವರ ಏರ್ಪಾಡು ಸರಳವಾಗಿತ್ತು. ಒಂದು ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳ ಜೋಡಿ. ಈ ವಾರ ಒಬ್ಬ ಕ್ಲಾಸಿನಲ್ಲಿ, ಇನ್ನೊಬ್ಬ ಕಾರ್ಖಾನೆಯಲ್ಲಿ. ಮುಂದಿನ ವಾರ ಅದಲು ಬದಲು. ಮಾಲೀಕರಿಗೆ ಕೆಲಸ ನಿಲ್ಲುತ್ತಿರಲಿಲ್ಲ, ಹುಡುಗರಿಗೆ ಓದೂ ನಿಲ್ಲುತ್ತಿರಲಿಲ್ಲ.

ಈಗ ಸರದಿ ವಾರದ ಲೆಕ್ಕದಲ್ಲಿಲ್ಲ, ತಿಂಗಳ ಲೆಕ್ಕದಲ್ಲಿದೆ. 1957ರಲ್ಲಿ ಶುರುವಾದ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಇದಕ್ಕೆ ಹೆಸರುವಾಸಿ. ಅಲ್ಲಿ ಎಂಜಿನಿಯರಿಂಗ್‌ನಲ್ಲಿ ನಾಲ್ಕು ತಿಂಗಳು ಓದಿದರೆ ನಾಲ್ಕು ತಿಂಗಳು ಕೆಲಸ. ಹೀಗೆ ಆರು ಸಲ. ಡಿಗ್ರಿ ಮುಗಿಯಲು 4 ವರ್ಷ 8 ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಹತ್ತಿರ ಹತ್ತಿರ ಎರಡು ವರ್ಷದ ಅನುಭವ ಕೈಯಲ್ಲಿರುತ್ತದೆ.

ಇದರ ನಿಜವಾದ ಲಾಭ ತಿಳಿಯುವುದು ಎರಡನೇ, ಮೂರನೇ ಸರದಿಯಲ್ಲಿ. ಮೊದಲ ಸಲ ಸಿಗುವುದು ಸಾಮಾನ್ಯವಾಗಿ ಸಪ್ಪೆ ಕೆಲಸ. ಟೆಸ್ಟ್ ಶೀಟ್ ತುಂಬು, ಡ್ರಾಯಿಂಗ್‌ನಲ್ಲಿ ಪಾರ್ಟ್ ನಂಬರ್ ತಿದ್ದು, ಇಂಥವು. ಆಮೇಲೆ ಕಾಲೇಜಿಗೆ ವಾಪಸ್ ಬಂದು ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಕೂತಾಗ, ಆ ಟೆಸ್ಟ್ ಶೀಟಿನಲ್ಲಿ ಯಾಕೆ ಅಷ್ಟು ಲೋಡ್ ಬರೆದಿದ್ದರು ಅನ್ನುವುದು ತಲೆಗೆ ಹತ್ತುತ್ತದೆ. ಮೂರನೇ ಸರದಿಯ ಹೊತ್ತಿಗೆ ಯಾವ ಬಗೆಯ ಕೆಲಸ ತನಗೆ ಆಗಿಬರುವುದಿಲ್ಲ ಅನ್ನುವುದೂ ಗೊತ್ತಾಗಿರುತ್ತದೆ. ಇದು ಸಣ್ಣ ಲಾಭವಲ್ಲ. ಬೇರೆ ಬೇರೆ ಕಂಪನಿಗಳಲ್ಲಿ ಕೆಲಸ ಮಾಡುವ ಅವಕಾಶವೂ ಇರುವುದರಿಂದ ಒಬ್ಬರದೇ ಪದ್ಧತಿಗೆ ಅಂಟಿಕೊಳ್ಳುವ ಅಪಾಯ ಕಡಿಮೆ.

ಕಷ್ಟಗಳೂ ಇವೆ. ಪ್ರತಿ ಸರದಿಗೂ ಹೊಸದಾಗಿ ಕೆಲಸ ಹುಡುಕಬೇಕು. ಪರೀಕ್ಷೆ ಓದುತ್ತಲೇ ಇಂಟರ್‌ವ್ಯೂಗೂ ಓಡಬೇಕು. ಕೆಲವು ತಿಂಗಳಿಗೊಮ್ಮೆ ಊರು ಬದಲು, ರೂಮ್ ಬದಲು. ಮಾರುಕಟ್ಟೆ ಬಿದ್ದ ವರ್ಷ ಕಂಪನಿಗಳು ಮೊದಲು ಕೈಬಿಡುವುದು ಇಂಥ ತಾತ್ಕಾಲಿಕ ಸೀಟುಗಳನ್ನೇ. ಹಾಗಾಗಿ ಕಾಲೇಜನ್ನು ಕೇಳಬೇಕಾದ ಪ್ರಶ್ನೆ ಇದು: ಮೊದಲ ಸರದಿಯಲ್ಲಿ ಕೆಲಸ ಸಿಗದವರು ಎಷ್ಟು ಜನ, ಅವರಿಗೆ ಏನು ಮಾಡಿದಿರಿ? ಕೊನೆಯ ಸರದಿಯ ಅಂಕಿ ತೋರಿಸಿದರೆ ಸುಮ್ನೆ ಗೋಣು ಆಡಿಸಬೇಡಿ. ಅಷ್ಟು ಹೊತ್ತಿಗೆ ಎಲ್ಲರಿಗೂ ಒಂದಿಷ್ಟು ಅನುಭವ ಇರುತ್ತದೆ, ಅಂಕಿ ಚೆನ್ನಾಗಿಯೇ ಕಾಣುತ್ತದೆ.

ಕೋ-ಆಪ್ ಅಂತ ಹೇಳಿ ಆರು ವಾರದ ಇಂಟರ್ನ್‌ಶಿಪ್ ಕೊಡುವವರೂ ಇದ್ದಾರೆ. ಆರು ವಾರದಲ್ಲಿ ಏನಾಗುತ್ತದೆ ನೋಡಿ. ಮೊದಲ ವಾರ ಗುರುತಿನ ಚೀಟಿ, ಸುರಕ್ಷತಾ ತರಬೇತಿ, ಲಾಗಿನ್ ಬರುವವರೆಗೆ ಕಾಯುವುದು. ಎರಡನೇ ವಾರ ಯಾರ ಬಳಿ ಏನು ಕೇಳಬೇಕು ಅಂತ ತಿಳಿಯುವುದು. ಕೊನೆಯ ವಾರ ಪಿಪಿಟಿ. ಉಳಿದದ್ದು ಮೂರು ವಾರ. ಮೂರು ವಾರಕ್ಕೆ ಯಾವ ಮ್ಯಾನೇಜರ್ ಜವಾಬ್ದಾರಿಯ ಕೆಲಸ ಕೊಡುತ್ತಾನೆ? ಹಾಗಂತ ಚಿಕ್ಕ ಅವಧಿ ದಂಡ ಅಂತೇನಿಲ್ಲ. 1973ರಿಂದ ನಡೆಯುತ್ತಿರುವ ಬಿಟ್ಸ್ ಪಿಲಾನಿಯ ಪ್ರಾಕ್ಟೀಸ್ ಸ್ಕೂಲ್ ಎರಡೂ ಅಳತೆಯನ್ನು ಬಳಸುತ್ತದೆ. ಎರಡನೇ ವರ್ಷ ಮುಗಿದ ಮೇಲೆ ಸುಮಾರು ಎರಡು ತಿಂಗಳು, ಕೊನೆಯ ವರ್ಷದಲ್ಲಿ ಸುಮಾರು ಐದೂವರೆ ತಿಂಗಳು. ಮೊದಲನೆಯದು ನೋಡಿ ತಿಳಿಯುವುದಕ್ಕೆ, ಎರಡನೆಯದು ಮಾಡಿ ಕಲಿಯುವುದಕ್ಕೆ. ಎರಡಕ್ಕೂ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಅಂಕ, ಇದೆ. ಮೇಲ್ವಿಚಾರಣೆಯಲ್ಲಿ ಸಂಸ್ಥೆಯ ಅಧ್ಯಾಪಕರೂ ಇರುತ್ತಾರೆ. ಚಿಕ್ಕ ಅವಧಿಯನ್ನೇ ದೊಡ್ಡದು ಅಂತ ಮಾರಿದಾಗ ಮಾತ್ರ ತಕರಾರು.

ಮೊದಲು ನೌಕರಿ, ಜೊತೆಗೆ ಡಿಗ್ರಿ

ಇಲ್ಲಿ ಕ್ರಮವೇ ತಿರುವುಮುರುವು. ಮೊದಲು ಕಂಪನಿಗೆ ಅರ್ಜಿ ಹಾಕಬೇಕು. ಅವರು ಆರಿಸಿಕೊಂಡು ಒಪ್ಪಂದ ಮಾಡಿಕೊಂಡರೆ ಮಾತ್ರ ಕಾಲೇಜಿನ ಸೀಟು.

ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಡ್ಯುಯಲ್ ವಿಶ್ವವಿದ್ಯಾಲಯ ಇದರ ದೊಡ್ಡ ಮಾದರಿ. ಅದರ ಬೇರು 1974ರ ವೃತ್ತಿ ಅಕಾಡೆಮಿಯಲ್ಲಿದೆ, ವಿಶ್ವವಿದ್ಯಾಲಯದ ರೂಪ ಬಂದದ್ದು 2009ರಲ್ಲಿ. ಸುಮಾರು ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ, ಹೀಗೆ ಮೂರು ವರ್ಷ. ಮೂರೂ ವರ್ಷ ಸಂಬಳ ಬರುತ್ತದೆ, ತರಗತಿಯಲ್ಲಿ ಕೂತ ತಿಂಗಳುಗಳಿಗೂ. ಯುರೋಪಿನಲ್ಲಿ ಮೂರು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ 180 ಕ್ರೆಡಿಟ್, ಇಲ್ಲಿ 210. ಕಂಪನಿಯಲ್ಲಿ ಕಳೆದ ತಿಂಗಳುಗಳಿಗೂ ಕ್ರೆಡಿಟ್ ಸಿಗುವುದರಿಂದ ಈ ಏರಿಕೆ. ಅದಕ್ಕೆ ತೆರುವ ಬೆಲೆ ಏನೆಂದರೆ ಸೆಮಿಸ್ಟರ್ ರಜೆ ಅನ್ನುವುದೇ ಇಲ್ಲ. ನೌಕರರಿಗೆ ಎಷ್ಟು ರಜೆಯೋ ಅಷ್ಟೇ. ಗೆಳೆಯರೆಲ್ಲ ಎರಡು ತಿಂಗಳು ಆರಾಮಾಗಿ ತಿರುಗುವಾಗ ನೀವು ಶಿಫ್ಟಿನಲ್ಲಿ ಇರುತ್ತೀರಿ.

ಇಂಗ್ಲೆಂಡಿನಲ್ಲಿ 2015ರಿಂದ ಡಿಗ್ರಿ ಅಪ್ರೆಂಟಿಸ್‌ಶಿಪ್ ಅನ್ನುವ ಏರ್ಪಾಡಿದೆ. ಅಲ್ಲೂ ಬೋಧನಾ ಶುಲ್ಕ ವಿದ್ಯಾರ್ಥಿಯ ತಲೆಗೆ ಬರುವುದಿಲ್ಲ. ಡೈಸನ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2017ರಲ್ಲಿ ತನ್ನದೇ ಎಂಜಿನಿಯರಿಂಗ್ ಸಂಸ್ಥೆ ತೆರೆಯಿತು. ಶುರುವಿನಲ್ಲಿ ಡಿಗ್ರಿ ಕೊಟ್ಟದ್ದು ವಾರಿಕ್ ವಿಶ್ವವಿದ್ಯಾಲಯ. ಸ್ವಂತ ಡಿಗ್ರಿ ಕೊಡುವ ಅಧಿಕಾರ ಆಮೇಲೆ ಬಂತು.

ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವ ಕೋರ್ಸ್ ಇಲ್ಲ. ಸಾಲ ಇಲ್ಲ, ಸಂಬಳ ಇದೆ, ಮುಗಿದ ಮೇಲೆ ಕೆಲಸ ಹೆಚ್ಚೂ ಕಡಿಮೆ ಖಾತ್ರಿ. ಆದರೆ ಹದಿನೆಂಟರ ವಯಸ್ಸಿನಲ್ಲೇ ಒಂದು ಕಂಪನಿ, ಒಂದು ಶಾಖೆ, ಒಂದು ಬಗೆಯ ಉತ್ಪನ್ನ ಆರಿಸಿಕೊಂಡ ಹಾಗೆ ಆಗುತ್ತದೆ. ಗೇರ್‌ಬಾಕ್ಸ್ ಮಾಡುವ ಕಂಪನಿ ಸೇರಿದವರಿಗೆ ಎರಡನೇ ವರ್ಷದಲ್ಲಿ ಚಿಪ್ ವಿನ್ಯಾಸದ ಮೇಲೆ ಆಸೆ ಹುಟ್ಟಿದರೆ? ದಾರಿ ಇರುತ್ತದೆ, ಸಲೀಸಾಗಿ ಇರುವುದಿಲ್ಲ. ಹಾಗಾಗಿ ಈ ಬಗೆಯಲ್ಲಿ ಕಂಪನಿಯ ಹೆಸರಿಗಿಂತ ಅದರ ಒಳಗೆ ಎಷ್ಟು ವಿಭಾಗ ಸುತ್ತಿಸುತ್ತಾರೆ ಅನ್ನುವುದನ್ನು ಕೇಳಿ. ವಿನ್ಯಾಸ, ಪರೀಕ್ಷೆ, ಉತ್ಪಾದನೆ, ಸರ್ವಿಸ್, ನಾಲ್ಕೂ ಕಡೆ ಕೂರಿಸುವ ಮಧ್ಯಮ ಗಾತ್ರದ ಕಂಪನಿ, ಮೂರು ವರ್ಷವೂ ಒಂದೇ ಮೇಜಿನ ಮುಂದೆ ಕೂರಿಸುವ ದೊಡ್ಡ ಹೆಸರಿಗಿಂತ ಎಷ್ಟೋ ವಾಸಿ.

ಕಂಪನಿ ದೂರವಾದರೆ ಏನು ಅನ್ನುವುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಒಳ್ಳೆಯ ಉದಾಹರಣೆ ಇದೆ. 1919ರಲ್ಲಿ ಅಲ್ಲಿ ಮೋಟಾರು ಕೆಲಸ ಕಲಿಸುವ ಒಂದು ಶಾಲೆ ಹುಟ್ಟಿತು. 1926ರಲ್ಲಿ ಜನರಲ್ ಮೋಟಾರ್ಸ್ ಅದನ್ನು ವಹಿಸಿಕೊಂಡು ತನ್ನ ಹೆಸರಿನ ಇನ್‌ಸ್ಟಿಟ್ಯೂಟ್ ಮಾಡಿತು. 1982ರಲ್ಲಿ ಕಂಪನಿ ಅದರಿಂದ ಹೊರಬಂತು. ಆದರೂ ಸಂಸ್ಥೆ ಮುಚ್ಚಲಿಲ್ಲ. ಕೋ-ಆಪ್ ಪದ್ಧತಿಯನ್ನು ಉಳಿಸಿಕೊಂಡು, ಬೇರೆ ಬೇರೆ ಕಂಪನಿಗಳನ್ನು ಸೇರಿಸಿಕೊಂಡು ನಡೆಯಿತು. 1998ರಿಂದ ಅದರ ಹೆಸರು ಕೆಟರಿಂಗ್ ವಿಶ್ವವಿದ್ಯಾಲಯ. ಒಂದೇ ಕಂಪನಿಯ ನೆರಳಿನಲ್ಲಿರುವ ಕೋರ್ಸ್ ಸೇರುವ ಮುಂಚೆ ಇಷ್ಟು ಕೇಳಿ: ಈ ಒಪ್ಪಂದ ಎಷ್ಟು ವರ್ಷದ್ದು? ನಾನು ಮುಗಿಸುವ ವರ್ಷಕ್ಕಿಂತ ಮೊದಲೇ ಮುಗಿಯುತ್ತದೆಯಾ?

ಕಂಪನಿಯ ಸಮಸ್ಯೆ, ವಿದ್ಯಾರ್ಥಿಗಳ ತಂಡ

ಈ ಬಗೆಗೆ ಪ್ರಚಾರ ಕಡಿಮೆ, ನನ್ನ ಲೆಕ್ಕದಲ್ಲಿ ಬೆಲೆ ಜಾಸ್ತಿ. ವಿದ್ಯಾರ್ಥಿ ಕಂಪನಿಗೆ ಹೋಗುವುದಿಲ್ಲ, ಕಂಪನಿಯ ಸಮಸ್ಯೆಯೇ ಕಾಲೇಜಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನಲ್ಲಿ 1963ರಿಂದ "ಕ್ಲಿನಿಕ್" ಅನ್ನುವ ಹೆಸರಿನಲ್ಲಿ ಇದು ನಡೆದುಬಂದಿದೆ. ನಾಲ್ಕೈದು ವಿದ್ಯಾರ್ಥಿಗಳ ತಂಡ, ಒಬ್ಬ ಅಧ್ಯಾಪಕ, ಕಂಪನಿ ಕಡೆಯಿಂದ ಒಬ್ಬ ಎಂಜಿನಿಯರ್. ಕಂಪನಿ ಇದಕ್ಕೆ ಕಾಲೇಜಿಗೆ ದುಡ್ಡು ಕೊಡುತ್ತದೆ. ದುಡ್ಡು ಕೊಟ್ಟವರು ಫೋನ್ ಎತ್ತುತ್ತಾರೆ, ಅದೇ ಇದರ ಗುಟ್ಟು. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯವಂತೂ 1974ರಲ್ಲಿ ಹುಟ್ಟಿದಾಗಿನಿಂದ ಇಡೀ ಓದನ್ನು ಸಮಸ್ಯೆ ಮತ್ತು ಪ್ರಾಜೆಕ್ಟ್ ಸುತ್ತ ಕಟ್ಟಿದೆ. ಎಷ್ಟೋ ಪ್ರಾಜೆಕ್ಟುಗಳು ಹೊರಗಿನ ಕಂಪನಿಗಳಿಂದಲೇ ಬರುತ್ತವೆ.

ಇಲ್ಲಿ ಒಳ್ಳೆಯ ಕೋರ್ಸನ್ನು ಗುರುತಿಸುವುದು ಸುಲಭ. ಕಳೆದ ವರ್ಷದ ಪ್ರಾಜೆಕ್ಟ್ ಪಟ್ಟಿ ಕೇಳಿ ತೆಗೆದುಕೊಳ್ಳಿ. "ಸ್ಮಾರ್ಟ್ ಕಾರ್ಖಾನೆಗೆ ಐಓಟಿ ಪರಿಹಾರ" ಅಂತಿದ್ದರೆ ಅದು ಯಾರ ಸಮಸ್ಯೆಯೂ ಅಲ್ಲ. ನಿಜವಾದ ಸಮಸ್ಯೆ ಹೀಗಿರುತ್ತದೆ: "ಈ ಪಂಪಿನ ಸೀಲ್ 2000 ಗಂಟೆ ಓಡಿದ ಮೇಲೆ ಸೋರುತ್ತಿದೆ. 4000 ಗಂಟೆ ಬಾಳಬೇಕು. ಹೊರಗಿನ ಕವಚದ ಅಳತೆ ಬದಲಿಸುವಂತಿಲ್ಲ." ಇದರಲ್ಲಿ ಅಂಕಿ ಇದೆ, ಗಡಿ ಇದೆ, ಪಾಸೋ ಫೇಲೋ ಅಂತ ತಿಳಿಯುವ ದಾರಿ ಇದೆ. ತಂಡದವರು ಸೀಲ್ ಬಿಚ್ಚಿ ನೋಡಬೇಕು. ಶಾಫ್ಟ್ ಅಲುಗಾಡುತ್ತಿದೆಯಾ, ಬಿಸಿಗೆ ರಬ್ಬರ್ ಗಟ್ಟಿಯಾಗಿದೆಯಾ, ದ್ರವದಲ್ಲಿ ಮರಳು ಸೇರಿದೆಯಾ ಅಂತ ಒಂದೊಂದೇ ತಳ್ಳಿಹಾಕುತ್ತಾ ಹೋಗಬೇಕು. ಪುಸ್ತಕದ ಲೆಕ್ಕದಲ್ಲಿ ಬೇಕಾದ ಮಾಹಿತಿಯೆಲ್ಲ ಪ್ರಶ್ನೆಯಲ್ಲೇ ಇರುತ್ತದೆ. ಇಲ್ಲಿ ಯಾವ ಮಾಹಿತಿ ಬೇಕು ಅನ್ನುವುದನ್ನೂ ನೀವೇ ಕಂಡುಹಿಡಿಯಬೇಕು.

ಒಂದು ಎಚ್ಚರಿಕೆ. ಇಂಥ ಪ್ರಾಜೆಕ್ಟಿನ ಫಲದ ಹಕ್ಕು ಹೆಚ್ಚಾಗಿ ಕಂಪನಿಗೇ ಹೋಗುತ್ತದೆ. ಹಾರ್ವಿ ಮಡ್‌ನಲ್ಲೂ ಹಕ್ಕು ಪ್ರಾಯೋಜಕರದ್ದೇ. ಅದರಲ್ಲಿ ಮೋಸ ಏನಿಲ್ಲ, ದುಡ್ಡು ಹಾಕಿದವರು ಅವರು. ಆದರೆ ಮುಂದೆ ಕೆಲಸದ ಇಂಟರ್‌ವ್ಯೂನಲ್ಲಿ ಆ ಪ್ರಾಜೆಕ್ಟ್ ಬಗ್ಗೆ ಎಷ್ಟು ಹೇಳಬಹುದು ಅನ್ನುವುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಸ್ವಂತ ಸ್ಟಾರ್ಟಪ್ ಕನಸಿರುವವರು ತಮ್ಮ ಐಡಿಯಾವನ್ನು ಇಂಥ ಪ್ರಾಜೆಕ್ಟಿನೊಳಗೆ ತರದಿರುವುದೇ ಒಳ್ಳೆಯದು.

ಕಂಪನಿ ಬರೆದ ಸಿಲಬಸ್

ಈಗ ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವ ಬಗೆ. ಕಂಪನಿ ಸಿಲಬಸ್ ರೂಪಿಸಿ ಕೊಡುತ್ತದೆ, ಅಥವಾ ಕಾಲೇಜಿನವರ ಜೊತೆ ಕೂತು ತಿದ್ದುತ್ತದೆ. ಪಾಠ ಮಾಡುವುದು ಮಾತ್ರ ಕಾಲೇಜಿನ ಅಧ್ಯಾಪಕರೇ. ಟಿಸಿಎಸ್ ರೂಪಿಸಿ ಹಲವು ಕಾಲೇಜುಗಳಲ್ಲಿ ನಡೆಯುತ್ತಿರುವ "ಕಂಪ್ಯೂಟರ್ ಸೈನ್ಸ್ ಆಂಡ್ ಬಿಸಿನೆಸ್ ಸಿಸ್ಟಮ್ಸ್" ಕೋರ್ಸ್ ಈ ಸಾಲಿಗೆ ಸೇರುತ್ತದೆ. ಇಂಥ ಕಡೆ ಸಿಲಬಸ್ ಒಂದೇ ಆದರೂ ಕಾಲೇಜಿನಿಂದ ಕಾಲೇಜಿಗೆ ಕಲಿಕೆ ಬೇರೆಯಾಗುತ್ತದೆ. ಯಾಕೆಂದರೆ ಕ್ಲಾಸಿನಲ್ಲಿ ನಿಂತಿರುವವರು ಬೇರೆ. ಹಾಗಾಗಿ ಸಿಲಬಸ್ ಬರೆದವರು ಯಾರು ಅನ್ನುವುದಕ್ಕಿಂತ, ಹೊಸ ವಿಷಯ ಕಲಿಸಲು ಅಧ್ಯಾಪಕರಿಗೆ ತರಬೇತಿ ಯಾರು, ಎಷ್ಟು ದಿನ ಕೊಟ್ಟರು ಅನ್ನುವುದು ಮುಖ್ಯ.

ಅದಕ್ಕಿಂತ ಮುಖ್ಯವಾದದ್ದು, ಹೊಸದನ್ನು ಸೇರಿಸಲು ಹಳೆಯದರಲ್ಲಿ ಏನನ್ನು ಕಿತ್ತರು ಅನ್ನುವುದು. ಸೆಮಿಸ್ಟರ್ ರಬ್ಬರ್ ಅಲ್ವಲ್ಲ, ಎಳೆದರೆ ಹಿಗ್ಗುವುದಕ್ಕೆ. ಅದೇ ವಿಶ್ವವಿದ್ಯಾಲಯದ ಮಾಮೂಲಿ ಮೆಕ್ಯಾನಿಕಲ್ ಸಿಲಬಸ್ ಒಂದು ಕಡೆ, "ಎಲೆಕ್ಟ್ರಿಕ್ ವಾಹನ ತಂತ್ರಜ್ಞಾನ" ಅನ್ನುವ ಹೊಸ ಕೋರ್ಸಿನದು ಇನ್ನೊಂದು ಕಡೆ ಇಟ್ಟು ಸಾಲು ಸಾಲಾಗಿ ಹೋಲಿಸಿ. ಬ್ಯಾಟರಿ ಪ್ಯಾಕ್, ಮೋಟಾರ್ ಕಂಟ್ರೋಲ್, ಚಾರ್ಜಿಂಗ್ ಬಂದಿರುತ್ತವೆ. ಹೋದದ್ದು ಯಾವುದು? ಬಾಯ್ಲರ್ ಬಗ್ಗೆ ಒಂದು ಅಧ್ಯಾಯ ಹೋಗಿದ್ದರೆ ಚಿಂತೆ ಬೇಡ. ಹೀಟ್ ಟ್ರಾನ್ಸ್‌ಫರ್ ಹೋಗಿದ್ದರೆ ಮಾತ್ರ ಆ ಕೋರ್ಸ್ ತನ್ನ ಕಾಲಿಗೆ ತಾನೇ ಕಲ್ಲು ಹಾಕಿಕೊಂಡಂತೆ. ಬ್ಯಾಟರಿ ಬಿಸಿಯಾದಾಗ ಆ ಬಿಸಿಯನ್ನು ಹೊರಗೆ ಕಳಿಸುವುದೇ ಪ್ಯಾಕ್ ವಿನ್ಯಾಸದ ದೊಡ್ಡ ತಲೆನೋವು, ಅದು ಪೂರ್ತಿ ಹೀಟ್ ಟ್ರಾನ್ಸ್‌ಫರ್ ವಿಷಯ. ಯಂತ್ರವನ್ನು ಹಿಡಿತದಲ್ಲಿಡುವ ಲೆಕ್ಕಾಚಾರವಾದ ಕಂಟ್ರೋಲ್ ಥಿಯರಿ ಇಲ್ಲದೆ ಮೋಟಾರ್ ಕಂಟ್ರೋಲ್ ಕಲಿಸಿದರೆ ಅದು ಗುಂಡಿ ಒತ್ತುವುದನ್ನು ಕಲಿಸಿದ ಹಾಗೆ. ಎಐ ಹೆಸರಿನ ಕೋರ್ಸುಗಳಲ್ಲಿ ಲೀನಿಯರ್ ಆಲ್ಜೀಬ್ರ, ಪ್ರಾಬಬಿಲಿಟಿ ಎರಡಕ್ಕೂ ಪೂರ್ತಿ ಪೇಪರ್ ಇದೆಯಾ ನೋಡಿ. ಎರಡನ್ನೂ ಸೇರಿಸಿ ಒಂದು ಮಾಡ್ಯೂಲಿಗೆ ತುರುಕಿದ್ದರೆ ಮುಂದಿನ ಪೇಪರುಗಳು ಬಾಯಿಪಾಠವೇ.

ಕಂಪನಿಗೆ ಇವತ್ತು ಬೇಕಾದ ಕೌಶಲವೇ ಬೇರೆ, ಇಪ್ಪತ್ತು ವರ್ಷ ಎಂಜಿನಿಯರ್ ಆಗಿ ಬಾಳಬೇಕಾದವರಿಗೆ ಬೇಕಾದ್ದೇ ಬೇರೆ. ಸಿಲಬಸ್ ಸಮಿತಿಯಲ್ಲಿ ಮೊದಲನೆಯದರ ಪರವಾಗಿ ಮಾತಾಡಲು ಕಂಪನಿಯವರು ಇರುತ್ತಾರೆ. ಎರಡನೆಯದರ ಪರವಾಗಿ ಗಟ್ಟಿಯಾಗಿ ಮಾತಾಡುವ ಅಧ್ಯಾಪಕರು ಇದ್ದಾರಾ ಅನ್ನುವುದು ಸಿಲಬಸ್ ಓದಿದರೆ ಗೊತ್ತಾಗುತ್ತದೆ. ಒಂದಕ್ಕಿಂತ ಹೆಚ್ಚು ಕಂಪನಿಗಳು ಸೇರಿ ರೂಪಿಸಿದ ಸಿಲಬಸ್ ಸಾಮಾನ್ಯವಾಗಿ ಒಂದು ಕಂಪನಿಯದ್ದಕ್ಕಿಂತ ಮೇಲು. ಒಬ್ಬರ ಸ್ವಂತ ಸಾಫ್ಟ್‌ವೇರ್ ಹೆಸರು ಪೇಪರಿನ ಹೆಸರಾಗಲು ಇನ್ನೊಬ್ಬರು ಬಿಡುವುದಿಲ್ಲ!

ಕಂಪನಿ ಕೊಟ್ಟ ಲ್ಯಾಬ್, ಕಂಪನಿಯ ಸರ್ಟಿಫಿಕೇಟ್

ಇದನ್ನು ಬೇಗ ಮುಗಿಸಬಹುದು. 1997ರಲ್ಲಿ ಶುರುವಾದ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಂಥ ಕಾರ್ಯಕ್ರಮಗಳು ಒಳ್ಳೆಯ ಅಭ್ಯಾಸ ಕೊಡುತ್ತವೆ, ಆದರೆ ಅವನ್ನು ಬೇರೆಯಾಗಿಯೂ ಕಲಿಯಬಹುದು. ಅದಕ್ಕೋಸ್ಕರ ಒಂದು ಡಿಗ್ರಿ ಆರಿಸುವ ಅಗತ್ಯ ಇಲ್ಲ. ಲ್ಯಾಬ್ ತೋರಿಸಿದಾಗ ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಚಿಕ್ಕ ಕಂಪ್ಯೂಟರ್) ಮೇಜಿನ ಹತ್ತಿರ ಹೋಗಿ ನೋಡಿ. ವೈರ್‌ಗಳು ಹೊಸದರಂತೆ ಹೊಳೆಯುತ್ತಾ, ಗುಂಡಿಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಹಾಗೇ ಇದ್ದರೆ ಯಾರೂ ಮುಟ್ಟಿಲ್ಲ ಅಂತ. ಯಾವ ಬ್ರ್ಯಾಂಡ್ ಅನ್ನುವುದು ದೊಡ್ಡ ವಿಷಯವಲ್ಲ. ಪಿಎಲ್‌ಸಿ ಪ್ರೋಗ್ರಾಂ ಭಾಷೆಗಳಿಗೆ ಐಇಸಿ 61131-3 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿರುವ ಲ್ಯಾಡರ್ ಲಾಜಿಕ್ ಅನ್ನುವ ಭಾಷೆಯನ್ನು ಮೂಲದಿಂದ ಕಲಿತವರು ಇನ್ನೊಂದು ಬ್ರ್ಯಾಂಡಿಗೆ ಬೇಗ ಹೊಂದಿಕೊಳ್ಳುತ್ತಾರೆ. ಮೆನುವಿನಲ್ಲಿ ಎಲ್ಲಿ ಒತ್ತಬೇಕು ಅಂತ ಮಾತ್ರ ಕಲಿತವರು ಮುಂದಿನ ವರ್ಷನ್ ಬಂದಾಗಲೇ ತಡಬಡಾಯಿಸುತ್ತಾರೆ.

ಸಹಿ ಹಾಕುವ ಮುಂಚೆ

ಯಾವ ಬಗೆಯೇ ಇರಲಿ, ಮಾನ್ಯತೆ ನೋಡಿ. ಎಂಜಿನಿಯರಿಂಗ್ ಡಿಗ್ರಿಗಳನ್ನು ದೇಶದಿಂದ ದೇಶಕ್ಕೆ ಒಪ್ಪಿಕೊಳ್ಳಲು 1989ರ ವಾಷಿಂಗ್ಟನ್ ಒಪ್ಪಂದ ಇದೆ. ಈ ಮಾನ್ಯತೆ ಸಿಗುವುದು ಕೋರ್ಸಿಗೆ, ಇಡೀ ಕಾಲೇಜಿಗೆ ಅಲ್ಲ. ಅದೇ ಕಾಲೇಜಿನ ಮೆಕ್ಯಾನಿಕಲ್‌ಗೆ ಇದ್ದು, ಕಂಪನಿ ಜೊತೆ ಶುರು ಮಾಡಿದ ಹೊಸ ಕೋರ್ಸಿಗೆ ಇಲ್ಲದಿರಬಹುದು. ಹೊಸ ಕೋರ್ಸಿನ ಮೊದಲ ಬ್ಯಾಚ್ ಹೊರಬರುವವರೆಗೆ ಮಾನ್ಯತೆ ಸಾಮಾನ್ಯವಾಗಿ ಸಿಗುವುದೂ ಇಲ್ಲ. ತಂತ್ರಜ್ಞ (ಟೆಕ್ನಾಲಜಿಸ್ಟ್) ಮಟ್ಟದ ಡಿಗ್ರಿಗಳಿಗೆ 2001ರ ಸಿಡ್ನಿ ಒಪ್ಪಂದ ಅಂತ ಬೇರೆಯೇ ಇದೆ. ನೌಕರಿ ಜೊತೆಗಿನ ಕೆಲವು ಕೋರ್ಸುಗಳು ಅದರಡಿ ಬರಬಹುದು. ಹೊರದೇಶದಲ್ಲಿ ಎಂಎಸ್ ಅಥವಾ ವೃತ್ತಿ ಪರವಾನಗಿ ಬೇಕೆನ್ನುವವರಿಗೆ ಈ ವ್ಯತ್ಯಾಸ ದುಬಾರಿ ಬೀಳುತ್ತದೆ.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ಫೀಸು ಕಟ್ಟುವುದು ಕಷ್ಟ, ಯಾವ ಶಾಖೆ ಬೇಕೆಂದು ಈಗಾಗಲೇ ಗಟ್ಟಿಯಾಗಿದೆ ಅನ್ನುವವರಿಗೆ ನೌಕರಿ ಜೊತೆಗಿನ ಡಿಗ್ರಿ ಸಿಕ್ಕರೆ ಬಿಡಬೇಡಿ. ಏನು ಇಷ್ಟ ಅಂತ ಇನ್ನೂ ತಿಳಿಯದವರಿಗೆ ಕೋ-ಆಪ್, ವರ್ಷ ಜಾಸ್ತಿ ಹಿಡಿದರೂ ಸರಿ. ಸಂಶೋಧನೆ, ಉನ್ನತ ಓದು ಅನ್ನುವವರು ಗಟ್ಟಿ ಅಡಿಪಾಯದ ಮಾಮೂಲಿ ಶಾಖೆ ಸೇರಿ, ಕೊನೆಯ ವರ್ಷ ಕಂಪನಿಯ ಒಳ್ಳೆಯ ಪ್ರಾಜೆಕ್ಟ್ ಹಿಡಿಯಲಿ. ಕಂಪನಿ ಬರೆದ ಸಿಲಬಸ್ ಮತ್ತು ಮಾಮೂಲಿ ಶಾಖೆ ಎರಡೂ ಒಂದೇ ಕಾಲೇಜಿನಲ್ಲಿ ಸಿಗುತ್ತಿದ್ದು, ಕಿತ್ತುಹಾಕಿದ ಪೇಪರುಗಳ ಪಟ್ಟಿ ಸಮಾಧಾನ ಕೊಡದಿದ್ದರೆ, ನಾನಾದರೆ ಮಾಮೂಲಿಯನ್ನೇ ಆರಿಸುತ್ತೇನೆ. ಹೊಸ ವಿಷಯಗಳನ್ನು ಎಲೆಕ್ಟಿವ್‌ನಲ್ಲಿ ಹಿಡಿಯಬಹುದು. ಬಿಟ್ಟುಹೋದ ಗಣಿತವನ್ನು ಆಮೇಲೆ ಒಬ್ಬರೇ ಕೂತು ಕಲಿಯುವವರು ತೀರಾ ಕಡಿಮೆ.

ಕೊನೆಗೆ ಬಾಂಡ್. ಕಂಪನಿ ದುಡ್ಡು ಹಾಕಿದ ಕಡೆ "ಮುಗಿಸಿದ ಮೇಲೆ ಇಷ್ಟು ವರ್ಷ ಇಲ್ಲೇ ಕೆಲಸ ಮಾಡಬೇಕು, ಇಲ್ಲವಾದರೆ ಖರ್ಚು ವಾಪಸ್" ಅನ್ನುವ ಷರತ್ತು ಇರಬಹುದು. ನೀವು ಬಿಟ್ಟರೆ ಏನು ಅಂತ ಅದರಲ್ಲಿ ವಿವರವಾಗಿ ಬರೆದಿರುತ್ತಾರೆ. ಕಂಪನಿಯೇ ಕೆಲಸ ಕೊಡದಿದ್ದರೆ, ಶಾಖೆ ಮುಚ್ಚಿದರೆ, ಬೇರೆಯವರಿಗೆ ಮಾರಿಹೋದರೆ ಏನು ಅನ್ನುವ ಸಾಲು ಇದೆಯಾ ಹುಡುಕಿ. ಇಲ್ಲದಿದ್ದರೆ ಸೇರಿಸಿ ಕೊಡಿ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಬಂದ ಮೇಲೆ ಸಹಿ ಹಾಕಿ.